ಸೀಟು ಬೇರೆ, ಫೆಲೋಶಿಪ್ ಬೇರೆ: ಪರಿಸರ ವಿಜ್ಞಾನ, ಮೈಕ್ರೋಬಯಾಲಜಿಯಲ್ಲಿ ಸ್ಟೈಪೆಂಡ್ ಸಿಗುವ ಪಿಎಚ್‌ಡಿ ಹಿಡಿಯುವ ಕ್ರಮ

ಎಂಎಸ್ಸಿ ಮೈಕ್ರೋಬಯಾಲಜಿ ಅಥವಾ ಪರಿಸರ ವಿಜ್ಞಾನ ಮುಗಿಸಿ ಪಿಎಚ್‌ಡಿಗೆ ಹೊರಟವರು ಮೂರು ಬಾಗಿಲು ದಾಟಬೇಕು. ಫೆಲೋಶಿಪ್ ಕೊಡುವುದು ಯಾವುದೋ ಒಂದು ಸರ್ಕಾರಿ ಸಂಸ್ಥೆ, ಸೀಟು ಕೊಡುವುದು ವಿಶ್ವವಿದ್ಯಾಲಯ, ಲ್ಯಾಬಿನಲ್ಲಿ ಜಾಗ ಕೊಡುವುದು ಗೈಡ್. ಒಂದು ಸಿಕ್ಕಿತೆಂದು ಉಳಿದೆರಡು ತಾವಾಗಿ ಬರುವುದಿಲ್ಲ. ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಪತ್ರ ಕೈಯಲ್ಲಿದ್ದೂ ಗೈಡ್ ಸಿಗದೆ ಅದರ ಅವಧಿ ಕಳೆದುಕೊಂಡವರಿದ್ದಾರೆ. ಸೀಟು ಸಿಕ್ಕ ಖುಷಿಗೆ ಫೀ ಕಟ್ಟಿ, ಐದು ವರ್ಷ ಮನೆಯ ದುಡ್ಡಿನಲ್ಲಿ ಓದಿದವರೂ ಇದ್ದಾರೆ. ಎರಡೂ ಕಡೆ ತಪ್ಪಿದ್ದು ಕೆಲಸದ ಕ್ರಮ. ಯಾವುದನ್ನು ಮೊದಲು ಮಾಡಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ಇಲ್ಲಿ ಬಿಡಿಸಿ ಬರೆದಿದ್ದೇವೆ.

ಹೆಜ್ಜೆ 1: ಯಾವ ಪರೀಕ್ಷೆ ನಿಮ್ಮದು?

ಇಲ್ಲಿ ಒಂದು ವಿಚಿತ್ರವಿದೆ. ಮೈಕ್ರೋಬಯಾಲಜಿಯವರ ಮುಖ್ಯ ಪರೀಕ್ಷೆ ಸಿಎಸ್‌ಐಆರ್-ಯುಜಿಸಿ ನೆಟ್‌ನ ಲೈಫ್ ಸೈನ್ಸಸ್. ಪರಿಸರ ವಿಜ್ಞಾನ ಮಾತ್ರ ಇನ್ನೊಂದು ಪರೀಕ್ಷೆಯಾದ ಯುಜಿಸಿ-ನೆಟ್‌ನಲ್ಲಿದೆ. ಅದರ ವಿಷಯ ಸಂಖ್ಯೆ 89. ಎರಡನ್ನೂ ನಡೆಸುವುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯಾದ ಎನ್‌ಟಿಎ. ಆದರೆ ಎರಡರ ಅಂಕದ ಲೆಕ್ಕ ಬೇರೆ, ಓದುವ ರೀತಿಯೂ ಬೇರೆ.

ಯುಜಿಸಿ-ನೆಟ್‌ನಲ್ಲಿ ಮೊದಲ ಪತ್ರಿಕೆ 50 ಪ್ರಶ್ನೆ, 100 ಅಂಕ. ಬೋಧನೆ, ತರ್ಕ, ದತ್ತಾಂಶ ಓದುವುದು ಇತ್ಯಾದಿ ಎಲ್ಲ ವಿಷಯದವರಿಗೂ ಒಂದೇ. ಎರಡನೆಯದು ನಿಮ್ಮ ವಿಷಯದ 100 ಪ್ರಶ್ನೆ, 200 ಅಂಕ. ಎರಡಕ್ಕೂ ಸೇರಿ ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಪರಿಸರ ವಿಜ್ಞಾನದವರು ಎರಡನೇ ಪತ್ರಿಕೆಗೆ ಹಗಲಿರುಳು ಓದಿ ಮೊದಲನೆಯದನ್ನು 'ನೋಡಿಕೊಳ್ಳೋಣ' ಎಂದು ಬಿಟ್ಟುಬಿಡುತ್ತಾರೆ. ಒಟ್ಟು 300ರಲ್ಲಿ ಆ ಪತ್ರಿಕೆಯದು ಮೂರನೇ ಒಂದು ಪಾಲು. ಜೆಆರ್‌ಎಫ್ ಕಟಾಫ್ ಹತ್ತಿರ ಬಂದು ತಪ್ಪಿಹೋಗುವುದು ಬಹುಮಟ್ಟಿಗೆ ಅಲ್ಲೇ.

ಸಿಎಸ್‌ಐಆರ್ ಲೈಫ್ ಸೈನ್ಸಸ್ ಒಂದೇ ಪತ್ರಿಕೆ, 200 ಅಂಕ, ಮೂರು ಗಂಟೆ. ಎ ಭಾಗದಲ್ಲಿ 20 ಪ್ರಶ್ನೆ ಕೊಟ್ಟು 15ಕ್ಕೆ ಉತ್ತರ ಕೇಳುತ್ತಾರೆ, ಬಿ ಭಾಗದಲ್ಲಿ 50ರಲ್ಲಿ 35. ಇವೆರಡರಲ್ಲೂ ಪ್ರಶ್ನೆಗೆ 2 ಅಂಕ. ಸಿ ಭಾಗದಲ್ಲಿ 75ರಲ್ಲಿ 25ಕ್ಕೆ ಉತ್ತರಿಸಬೇಕು, ಒಂದೊಂದಕ್ಕೆ 4 ಅಂಕ. ಅಂದರೆ ಅರ್ಧ ಅಂಕ ಸಿ ಭಾಗದ್ದೇ. ತಪ್ಪಿದರೆ ಪ್ರಶ್ನೆಯ ಅಂಕದ ಕಾಲು ಭಾಗ ಕಡಿತ.

ಪಠ್ಯದಲ್ಲಿ 13 ಘಟಕಗಳಿವೆ. ಮೈಕ್ರೋಬಯಾಲಜಿ ಎಂಬ ಹೆಸರಿನ ಘಟಕ ಅವುಗಳಲ್ಲಿಲ್ಲ. ಎಂಎಸ್ಸಿಯಲ್ಲಿ ಓದಿದ ವೈರಾಲಜಿ, ಫರ್ಮೆಂಟೇಶನ್, ಮೆಡಿಕಲ್ ಮೈಕ್ರೋ ಮೇಲೆ ನಂಬಿಕೆಯಿಟ್ಟು ಹೋದವರು ಸೋಲುವುದು ಇದೇ ಕಾರಣಕ್ಕೆ. ಸಿ ಭಾಗದಲ್ಲಿ ಮೂರರಲ್ಲಿ ಒಂದು ಪ್ರಶ್ನೆ ಆರಿಸಿದರೆ ಸಾಕಾದ್ದರಿಂದ ಹದಿಮೂರೂ ಘಟಕ ಓದುವ ಅಗತ್ಯವಿಲ್ಲ. ಮೈಕ್ರೋಬಯಾಲಜಿ ಹಿನ್ನೆಲೆಯವರಿಗೆ 1 (ಅಣುಗಳು), 2 (ಕೋಶರಚನೆ), 3 (ಡಿಎನ್‌ಎಯಿಂದ ಪ್ರೋಟೀನ್‌ವರೆಗಿನ ಕ್ರಿಯೆಗಳು), 8 (ಅನುವಂಶೀಯತೆ), 13 (ಜೀವಶಾಸ್ತ್ರದ ವಿಧಾನಗಳು) ಒಗ್ಗುತ್ತವೆ. ಪರಿಸರದ ಕಡೆ ಒಲವಿದ್ದರೆ 10 (ಪರಿಸರ ತತ್ತ್ವಗಳು) ಮತ್ತು 11 (ವಿಕಾಸ ಮತ್ತು ವರ್ತನೆ) ಸೇರಿಸಿ. 10ನೇ ಘಟಕದಲ್ಲಿ ಲೆಕ್ಕದ ಪ್ರಶ್ನೆಗಳು ಬರುತ್ತವೆ; ಲಾಜಿಸ್ಟಿಕ್ ಬೆಳವಣಿಗೆ, ವೈವಿಧ್ಯ ಸೂಚ್ಯಂಕ, ಲೈಫ್ ಟೇಬಲ್ ಕೈಬರಹದಲ್ಲಿ ಬಿಡಿಸಿ ಅಭ್ಯಾಸ ಮಾಡಿದವರಿಗೆ ಇವು ಖಚಿತ ಅಂಕ.

ಗೇಟ್ ಪರೀಕ್ಷೆಯನ್ನು ಎಂಜಿನಿಯರಿಂಗ್‌ನವರದ್ದು ಎಂದು ದೂರ ಇಡಬೇಡಿ. ಅದರ ಎಕ್ಸ್‌ಎಲ್ ಪತ್ರಿಕೆಯಲ್ಲಿ ರಸಾಯನಶಾಸ್ತ್ರ ಕಡ್ಡಾಯ, ಜತೆಗೆ ಎರಡು ವಿಭಾಗ ಆರಿಸಬಹುದು. ಬಯೋಕೆಮಿಸ್ಟ್ರಿ ಮತ್ತು ಮೈಕ್ರೋಬಯಾಲಜಿ ಜೋಡಿ ನಮ್ಮವರಿಗೆ ಸಲೀಸು. ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್‌ಗೆ 2021ರಿಂದ ಇಎಸ್ ಎಂಬ ಪ್ರತ್ಯೇಕ ಪತ್ರಿಕೆಯಿದೆ, ಪರಿಸರಶಾಸ್ತ್ರ ಮತ್ತು ವಿಕಾಸಕ್ಕೆ ಇವೈ. ಅಂಕ ಮೂರು ವರ್ಷ ನಡೆಯುತ್ತದೆ. ಐಐಟಿಗಳು, ಸುರತ್ಕಲ್‌ನ ಎನ್‌ಐಟಿಕೆ, ಐಐಎಸ್‌ಸಿ ಇಂಥ ಕಡೆ ಸಂದರ್ಶನದ ಬಾಗಿಲು ತೆರೆಯಲು ಇದೂ ಒಂದು ಕೀಲಿ.

ಜೈವಿಕ ತಂತ್ರಜ್ಞಾನ ಇಲಾಖೆಯ ಡಿಬಿಟಿ-ಜೆಆರ್‌ಎಫ್‌ಗೆ ಬಿಇಟಿ ಪರೀಕ್ಷೆ. ಅದರ ಪಟ್ಟಿ ಎರಡು ವರ್ಗದ್ದು: ಮೊದಲ ವರ್ಗದವರು ಫೆಲೋಶಿಪ್ಪನ್ನು ತಾವು ಸೇರುವ ವಿಶ್ವವಿದ್ಯಾಲಯಕ್ಕೆ ಹೊತ್ತೊಯ್ಯಬಹುದು, ಎರಡನೇ ವರ್ಗದವರಿಗೆ ಡಿಬಿಟಿ ಯೋಜನೆಗಳಲ್ಲಿ ಜೆಆರ್‌ಎಫ್ ಆಗುವ ಅರ್ಹತೆ ಮಾತ್ರ. ಫಲಿತಾಂಶ ಬಂದಾಗ ಯಾವ ವರ್ಗ ಎಂದು ನೋಡದೆ ಸಿಹಿ ಹಂಚಬೇಡಿ. ಕೃಷಿ ಮೈಕ್ರೋಬಯಾಲಜಿಯ ಕಡೆ ಹೋಗುವವರಿಗೆ, ಅಂದರೆ ಜಿಕೆವಿಕೆ ಅಥವಾ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಡೆ ಕಣ್ಣಿದ್ದವರಿಗೆ, ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಪಿಎಚ್‌ಡಿ ಪ್ರವೇಶ ಪರೀಕ್ಷೆ ಬೇರೆಯೇ ಇದೆ.

ಪರೀಕ್ಷೆಯಿಲ್ಲದೆ ಬರುವ ಫೆಲೋಶಿಪ್ ಎಂದರೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ (ಡಿಎಸ್‌ಟಿ) ಇನ್‌ಸ್ಪೈರ್. ಸ್ನಾತಕೋತ್ತರದಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲ ರ‍್ಯಾಂಕ್ ಬಂದವರು ಅರ್ಜಿ ಹಾಕಬಹುದು. ಕಾಲೇಜಿಗೆ ಮೊದಲಿಗರಾದರೆ ಸಾಲದು. ರಿಜಿಸ್ಟ್ರಾರ್ ಮೌಲ್ಯಮಾಪನ ವಿಭಾಗದಿಂದ ರ‍್ಯಾಂಕ್ ಪ್ರಮಾಣಪತ್ರ ಬೇಕು. ಘಟಿಕೋತ್ಸವಕ್ಕೆ ಕಾಯುತ್ತ ಕುಳಿತರೆ ಅರ್ಜಿಯ ಕೊನೆಯ ದಿನ ದಾಟಿಹೋಗುತ್ತದೆ. ಫಲಿತಾಂಶ ಬಂದ ವಾರದಲ್ಲೇ ಬರೆದುಕೊಡಿ.

ಮೀಸಲಾತಿ ಪತ್ರದ ಬಗ್ಗೆ ಒಂದು ಮಾತು. ರಾಜ್ಯದ 2ಎ, 3ಬಿ ಪ್ರಮಾಣಪತ್ರ ಈ ಕೇಂದ್ರ ಪರೀಕ್ಷೆಗಳಿಗೆ ನಡೆಯುವುದಿಲ್ಲ. ಕೇಂದ್ರದ ನಮೂನೆಯ ಒಬಿಸಿ ಕೆನೆಪದರೇತರ ಪತ್ರವೇ ಬೇಕು, ಅದಕ್ಕೂ ಮೊದಲು ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ನಾಡಕಚೇರಿಯಲ್ಲಿ ಅರ್ಜಿ ಹಾಕುವಾಗಲೇ 'ಕೇಂದ್ರ ಸರ್ಕಾರದ ಉದ್ದೇಶಕ್ಕೆ' ಎಂದು ಸ್ಪಷ್ಟವಾಗಿ ಹೇಳಿ. ಪರೀಕ್ಷೆ ಪಾಸಾಗಿ ದಾಖಲೆ ಪರಿಶೀಲನೆಯಲ್ಲಿ ಬಿದ್ದುಹೋಗುವ ನೋವು ದೊಡ್ಡದು, ತಪ್ಪಿಸುವುದು ಸುಲಭ.

2024ರಿಂದ ನೆಟ್ ಫಲಿತಾಂಶ ಮೂರು ವರ್ಗಗಳಲ್ಲಿ ಬರುತ್ತಿದೆ: ಜೆಆರ್‌ಎಫ್ ಮತ್ತು ಸಹಾಯಕ ಪ್ರಾಧ್ಯಾಪಕ ಅರ್ಹತೆ, ಸಹಾಯಕ ಪ್ರಾಧ್ಯಾಪಕ ಅರ್ಹತೆ ಮತ್ತು ಪಿಎಚ್‌ಡಿ ಪ್ರವೇಶ, ಬರೀ ಪಿಎಚ್‌ಡಿ ಪ್ರವೇಶ. ಕೊನೆಯ ಎರಡರಲ್ಲಿ ಪ್ರವೇಶಕ್ಕೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ, ಪ್ರವೇಶಕ್ಕೆ ಆ ಅಂಕ ಒಂದು ವರ್ಷ ಮಾತ್ರ ನಡೆಯುತ್ತದೆ. ಇವೆರಡರಲ್ಲಿ ಹಣವಿಲ್ಲ. 'ನೆಟ್ ಆಯ್ತು' ಎನ್ನುವಾಗ ಯಾವ ವರ್ಗ ಎಂಬುದೇ ಎಲ್ಲ.

ಹೆಜ್ಜೆ 2: ಹಣದ ಲೆಕ್ಕ ಕಾಗದದ ಮೇಲೆ ಹಾಕಿ

2023ರ ಜನವರಿ 1ರಿಂದ ಜಾರಿಗೆ ಬಂದ ದರದಂತೆ ಜೆಆರ್‌ಎಫ್‌ಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋ) ಆದರೆ 42,000. ಇದರ ಮೇಲೆ ಮನೆ ಬಾಡಿಗೆ ಭತ್ಯೆ, ಅದು ಊರನ್ನು ನೋಡಿಕೊಂಡು. ಬೆಂಗಳೂರಿನಲ್ಲಿ ಶೇ. 30 ಹಿಡಿದರೆ 11,100, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡದಲ್ಲಿ ಶೇ. 20 ಹಿಡಿದರೆ 7,400. ಹಾಸ್ಟೆಲ್‌ನಲ್ಲಿದ್ದರೆ ಭತ್ಯೆ ಇಲ್ಲ. ಜತೆಗೆ ಕಂಟಿಂಜೆನ್ಸಿ ಹಣ ಬರುತ್ತದೆ. ಸಿಎಸ್‌ಐಆರ್‌ನಲ್ಲಿ ಅದು ವರ್ಷಕ್ಕೆ 20,000. ಅದು ರಾಸಾಯನಿಕ, ಪ್ರವಾಸ, ಮುದ್ರಣಕ್ಕೆ. ಒಂದು ಸೀಕ್ವೆನ್ಸಿಂಗ್ ಸುತ್ತಿಗೂ ಸಾಲುವುದಿಲ್ಲ. ನಿಮ್ಮ ಪ್ರಯೋಗದ ದೊಡ್ಡ ಖರ್ಚು ಗೈಡ್‌ನ ಯೋಜನೆಯಿಂದಲೇ ಬರಬೇಕು. ಆದ್ದರಿಂದ ಫೆಲೋಶಿಪ್ ಇದ್ದವರೂ 'ಲ್ಯಾಬಿಗೆ ಈಗ ಯಾವ ಯೋಜನೆಯ ಹಣವಿದೆ?' ಎಂದು ಕೇಳಲೇಬೇಕು.

ನೆಟ್ ಜೆಆರ್‌ಎಫ್ ಇಲ್ಲದವರಿಗೆ ಯೋಜನೆಯ ಜೆಆರ್‌ಎಫ್ ಹುದ್ದೆ ಇನ್ನೊಂದು ದಾರಿ. ಸಂಶೋಧನೆಗೆ ಹಣ ಕೊಡುವ ಎಎನ್‌ಆರ್‌ಎಫ್, ಡಿಬಿಟಿ, ಐಸಿಎಂಆರ್ ಮುಂತಾದ ಕೇಂದ್ರ ಸಂಸ್ಥೆಗಳು ಕೊಟ್ಟ ಯೋಜನೆಗೆ ಗೈಡ್‌ಗಳೇ ಜಾಹೀರಾತು ಹಾಕಿ ಸಂದರ್ಶನ ಮಾಡುತ್ತಾರೆ. ಸೇರುವ ಮುನ್ನ ಮೂರು ಪ್ರಶ್ನೆ ಕೇಳಿ. ಯೋಜನೆ ಯಾವ ತಿಂಗಳು ಶುರುವಾಯಿತು? ಇನ್ನೆಷ್ಟು ತಿಂಗಳು ಉಳಿದಿದೆ? ಈ ಹುದ್ದೆಯಲ್ಲಿದ್ದುಕೊಂಡು ಪಿಎಚ್‌ಡಿಗೆ ನೋಂದಾಯಿಸಬಹುದೇ? ಮೂರು ವರ್ಷದ ಯೋಜನೆಯಲ್ಲಿ ಹದಿನಾಲ್ಕು ತಿಂಗಳು ಕಳೆದ ಮೇಲೆ ಸೇರಿದರೆ ನಿಮಗೆ ಉಳಿಯುವುದು 22 ತಿಂಗಳು. ಪಿಎಚ್‌ಡಿ ಅಷ್ಟರಲ್ಲಿ ಮುಗಿಯುವುದಿಲ್ಲ. ಹಾಗೆಂದು ಬಿಡಬೇಕಿಲ್ಲ, ಆ 22 ತಿಂಗಳಲ್ಲಿ ಕೈಕೆಲಸ ಕಲಿಯುತ್ತ ಎರಡು ಮೂರು ಸಲ ನೆಟ್ ಬರೆಯುವ ಅವಕಾಶವಿದೆ ಎಂದು ಲೆಕ್ಕ ಹಾಕಿ ಸೇರಿ.

ಈಗಾಗಲೇ ಸೀಟು ಸಿಕ್ಕಿ ಹಣವಿಲ್ಲದವರಿಗೆ ರಾಜ್ಯದಲ್ಲಿ ಕೆಸ್ಟೆಪ್ಸ್ ಎಂಬ ವಿಜ್ಞಾನ ಪ್ರೋತ್ಸಾಹ ಸಂಸ್ಥೆಯ ಮೂಲಕ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಪಿಎಚ್‌ಡಿ ಫೆಲೋಶಿಪ್ ಇದೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳು, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳೂ ಪೂರ್ಣಾವಧಿ ಸಂಶೋಧಕರಿಂದ ಅರ್ಜಿ ಕರೆಯುತ್ತವೆ. ಕೇಂದ್ರದಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಒಬಿಸಿ ವಿದ್ಯಾರ್ಥಿಗಳಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಕಲಬುರಗಿಯ ಹತ್ತಿರ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ನೆಟ್ ಇಲ್ಲದ ಸಂಶೋಧಕರಿಗೆ ತಿಂಗಳಿಗೆ 8,000ದ ನಾನ್-ನೆಟ್ ಫೆಲೋಶಿಪ್ ಇದೆ. ಕಡಿಮೆಯೇ, ಆದರೂ ಊಟ-ಹಾಸ್ಟೆಲ್ ದಾಟುತ್ತದೆ. ಒಂದು ಕಾಲಕ್ಕೆ ಒಂದೇ ಫೆಲೋಶಿಪ್ ಎಂಬ ನಿಯಮ ಎಲ್ಲೆಡೆ ಇದೆ. ಎರಡು ಪಡೆದದ್ದು ತಿಳಿದರೆ ಮೊದಲಿನಿಂದ ಪಡೆದದ್ದನ್ನೆಲ್ಲ ವಾಪಸು ಕಟ್ಟಬೇಕಾಗಬಹುದು.

ಹೆಜ್ಜೆ 3: ಲ್ಯಾಬ್ ಹುಡುಕುವುದು, ಗೈಡ್ ಬಳಿ ಜಾಗ ಇದೆಯೇ ನೋಡುವುದು

ಬೆಂಗಳೂರಿನ ಐಐಎಸ್‌ಸಿಯಲ್ಲಿ ಮೈಕ್ರೋಬಯಾಲಜಿ ಮತ್ತು ಕೋಶವಿಜ್ಞಾನ ವಿಭಾಗ, ಪರಿಸರಶಾಸ್ತ್ರ ಕೇಂದ್ರ, ಜಲಸಂಶೋಧನಾ ಕೇಂದ್ರ ಮೂರೂ ಇವೆ. ಮೈಸೂರಿನ ಸಿಎಫ್‌ಟಿಆರ್‌ಐ, ನಾಗಪುರದ ನೀರಿ, ಗೋವಾ ದೋನಾ ಪೌಲಾದ ಎನ್‌ಐಒ, ಚಂಡೀಗಢದ ಇಮ್‌ಟೆಕ್ ಇವೆಲ್ಲ ಸಿಎಸ್‌ಐಆರ್ ಲ್ಯಾಬ್‌ಗಳು. ಇಲ್ಲಿ ಪದವಿ ಕೊಡುವುದು ಈ ಲ್ಯಾಬ್‌ಗಳದೇ ಅಕಾಡೆಮಿಯಾದ ಎಸಿಎಸ್‌ಐಆರ್, ಅದು ವರ್ಷಕ್ಕೆ ಎರಡು ಸಲ ಪ್ರವೇಶ ಕೊಡುತ್ತದೆ. ಪುಣೆಯ ಎನ್‌ಸಿಸಿಎಸ್‌ನಲ್ಲಿ ಸೂಕ್ಷ್ಮಜೀವಿಗಳ ರಾಷ್ಟ್ರೀಯ ಸಂಗ್ರಹವಿದೆ. ನಮ್ಮ ವಿಶ್ವವಿದ್ಯಾಲಯಗಳ ಪೈಕಿ ಬೆಂಗಳೂರು, ಮೈಸೂರು, ಮಂಗಳೂರು, ಧಾರವಾಡ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಎಲ್ಲದರಲ್ಲೂ ಕೆಲಸ ನಡೆದಿದೆ. ದೊಡ್ಡ ಹೆಸರಿನ ಬೆನ್ನು ಹತ್ತುವ ಬದಲು ಗೈಡ್‌ನ ಕಳೆದ ಐದು ವರ್ಷದ ಪ್ರಬಂಧಗಳನ್ನು ತೆರೆದು ನೋಡಿ. ಮೊದಲ ಲೇಖಕರು ಪಿಎಚ್‌ಡಿ ವಿದ್ಯಾರ್ಥಿಗಳೇ? ಅವರು ಈಗ ಎಲ್ಲಿದ್ದಾರೆ? ಈ ಎರಡು ಪ್ರಶ್ನೆಗೆ ಸಿಗುವ ಉತ್ತರ ಸಂಸ್ಥೆಯ ಗೇಟಿಗಿಂತ ಹೆಚ್ಚು ಹೇಳುತ್ತದೆ.

ಯುಜಿಸಿಯ 2022ರ ಪಿಎಚ್‌ಡಿ ನಿಯಮದ ಪ್ರಕಾರ ಪ್ರಾಧ್ಯಾಪಕರ ಬಳಿ ಒಮ್ಮೆಗೆ 8, ಸಹ ಪ್ರಾಧ್ಯಾಪಕರ ಬಳಿ 6, ಸಹಾಯಕ ಪ್ರಾಧ್ಯಾಪಕರ ಬಳಿ 4 ವಿದ್ಯಾರ್ಥಿಗಳು ಮಾತ್ರ ಇರಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. 'ಸಾರಿ, ಜಾಗವಿಲ್ಲ' ಎಂಬ ಉತ್ತರದ ಹಿಂದೆ ಬಹುಪಾಲು ಈ ಲೆಕ್ಕವೇ ಇರುತ್ತದೆ, ನಿಮ್ಮ ಅಂಕಪಟ್ಟಿಯಲ್ಲ. ಯಾರ ವಿದ್ಯಾರ್ಥಿ ಈ ವರ್ಷ ಥೀಸಿಸ್ ಸಲ್ಲಿಸುತ್ತಿದ್ದಾರೆ ಎಂದು ವಿಭಾಗದ ಹಿರಿಯ ಸಂಶೋಧಕರನ್ನು ಕೇಳಿದರೆ ಎಲ್ಲಿ ಜಾಗ ಖಾಲಿಯಾಗುತ್ತದೆಂದು ಆರು ತಿಂಗಳು ಮೊದಲೇ ಗೊತ್ತಾಗುತ್ತದೆ.

ಹೆಜ್ಜೆ 4: ಗೈಡ್‌ಗೆ ಬರೆಯುವ ಮೇಲ್ ಮತ್ತು ಒಂದು ಪುಟದ ಯೋಜನೆ

'ಗೌರವಾನ್ವಿತ ಸರ್, ನಿಮ್ಮ ಪ್ರತಿಷ್ಠಿತ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡಲು ಆಸಕ್ತನಾಗಿದ್ದೇನೆ, ಬಯೋಡೇಟಾ ಲಗತ್ತಿಸಿದೆ.' ಇಂಥ ಮೇಲ್ ಪ್ರತಿ ಗೈಡ್‌ಗೂ ರಾಶಿ ಬೀಳುತ್ತದೆ. ಹೆಸರು ಬದಲಿಸಿ ಐವತ್ತು ಮಂದಿಗೆ ಕಳಿಸಿದ್ದು ಎಂದು ಮೊದಲ ಸಾಲಿನಲ್ಲೇ ತಿಳಿಯುತ್ತದೆ. ಹತ್ತು ಸಾಲು ಸಾಕು: ಯಾವ ಫೆಲೋಶಿಪ್, ಎಲ್ಲಿಯವರೆಗೆ ಅವಧಿ, ಅವರ ಯಾವ ಪ್ರಬಂಧ ಓದಿದಿರಿ, ಅದರಲ್ಲಿ ಬಿಟ್ಟುಹೋದ ಯಾವ ಪ್ರಶ್ನೆ ನಿಮ್ಮನ್ನು ಎಳೆಯಿತು, ನಿಮ್ಮ ಕೈಗೆ ಬರುವ ಮೂರು ತಂತ್ರ. ಜತೆಗೆ ಒಂದು ಪುಟದ ಯೋಜನೆ.

ಆ ಒಂದು ಪುಟ ಹೇಗಿರಬೇಕು ಎನ್ನುವುದಕ್ಕೆ ಉದಾಹರಣೆ ನೋಡೋಣ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಒಂದು ಕೆರೆ ತುಂಬಿ ಕೋಡಿಯಿಂದ ಮುಂದಿನದಕ್ಕೆ ನೀರು ಹೋಗುತ್ತದೆ. 'ಕೆರೆಗಳಲ್ಲಿ ಆಂಟಿಬಯಾಟಿಕ್ ನಿರೋಧಕತೆಯ ಅಧ್ಯಯನ' ಎಂದು ಬರೆದರೆ ಅದು ಶೀರ್ಷಿಕೆ ಮಾತ್ರ. 'ನೀರು ಸರಪಳಿಯ ಮೊದಲ ಕೆರೆಯಿಂದ ನಾಲ್ಕನೆಯದಕ್ಕೆ ಹೋಗುವಷ್ಟರಲ್ಲಿ ನಿರೋಧಕ ಜೀನ್‌ಗಳ ಪ್ರಮಾಣ ಇಳಿಯುತ್ತದೆಯೇ?' ಎಂದರೆ ಅದು ಅಳೆಯಬಹುದಾದ ಪ್ರಶ್ನೆ.

ಈಗ ಲೆಕ್ಕ. ಒಳಹರಿವಿನ ಜಾಗ ಒಂದು, ಸರಪಳಿಯ ಕೆರೆ ನಾಲ್ಕು, ಈ ನೀರು ಬಾರದ ಹೋಲಿಕೆಯ ಕೆರೆ ಒಂದು: ಒಟ್ಟು 6 ತಾಣ. ಬೇಸಿಗೆ, ಮಳೆಗಾಲ, ಮಳೆಯ ನಂತರ: 3 ಕಾಲ. ಪ್ರತಿ ಸಲ 3 ಪ್ರತಿಗಳು. ಅಲ್ಲಿಗೆ 54 ಸ್ಯಾಂಪಲ್. ಪ್ರತಿ ಕಾಲಕ್ಕೊಂದು ಫೀಲ್ಡ್ ಬ್ಲ್ಯಾಂಕ್ ಸೇರಿದರೆ 57. ಡಿಎನ್‌ಎ ತೆಗೆಯುವಾಗ 11 ಸ್ಯಾಂಪಲ್‌ಗೊಂದು ಖಾಲಿ ಟ್ಯೂಬ್ ಓಡಿಸಿದರೆ ಇನ್ನೂ 6. ಒಟ್ಟು 63. 50ರ ಒಂದು ಕಿಟ್ ಸಾಲದು, ಎರಡು ಬೇಕು. ಅಳೆಯುವುದು ಮೂರು ಜೀನ್: ಸಲ್ಫಾ ಔಷಧಿಗೆ ನಿರೋಧಕತೆ ಕೊಡುವ ಸಲ್1, ನಿರೋಧಕ ಜೀನ್‌ಗಳ ಹರಡುವಿಕೆಯ ಗುರುತಾದ ಇಂಟ್‌ಐ1, ಹೋಲಿಕೆಗೆ ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರುವ 16ಎಸ್. ಜೀನ್‌ನ ಪ್ರಮಾಣ ಅಳೆಯುವ ಕ್ಯೂಪಿಸಿಆರ್‌ನ 96 ಗುಳಿಯ ಪ್ಲೇಟಿನಲ್ಲಿ ಸ್ಟ್ಯಾಂಡರ್ಡ್‌ನ 6 ಹಂತಕ್ಕೆ ಮೂರು ಮೂರರಂತೆ 18, ಡಿಎನ್‌ಎ ಇಲ್ಲದ ನಿಯಂತ್ರಣಕ್ಕೆ 3 ಹೋದರೆ ಉಳಿದದ್ದು 75 ಗುಳಿ, ಅಂದರೆ 25 ಸ್ಯಾಂಪಲ್. 63ಕ್ಕೆ ಮೂರು ಪ್ಲೇಟ್, ಮೂರು ಜೀನಿಗೆ ಒಂಬತ್ತು ಪ್ಲೇಟ್.

ಈ ಲೆಕ್ಕವನ್ನು ಪುಟದ ಕೆಳಗೆ ನಾಲ್ಕು ಸಾಲಿನಲ್ಲಿ ಬರೆದರೆ ಗೈಡ್‌ಗೆ ಖರ್ಚು ಎಷ್ಟೆಂದು ತಾನಾಗಿ ಕಾಣುತ್ತದೆ. ನೀವು ಕೆಲಸವನ್ನು ಕಣ್ಣಿಗೆ ಕಟ್ಟಿಕೊಂಡಿದ್ದೀರಿ ಎಂಬುದೂ ಕಾಣುತ್ತದೆ. ಏನು ಕೆಡಬಹುದು ಎಂಬುದಕ್ಕೆ ಎರಡು ಸಾಲು ಮೀಸಲಿಡಿ. ಕೆರೆಯ ಹಸಿರು ನೀರು 0.22 ಮೈಕ್ರಾನ್ ಫಿಲ್ಟರನ್ನು ಬೇಗ ಕಟ್ಟುತ್ತದೆ, ಆದ್ದರಿಂದ ಪ್ರತಿ ಫಿಲ್ಟರಿನಲ್ಲಿ ಎಷ್ಟು ಮಿಲಿಲೀಟರ್ ಹಾದುಹೋಯಿತೆಂದು ಬರೆದಿಡಬೇಕು, ಇಲ್ಲದಿದ್ದರೆ ಕೊನೆಗೆ ಲೀಟರಿಗೆ ಇಷ್ಟು ಎಂದು ಹೇಳಲಾಗದು. ಕೊಳೆತ ಸಸ್ಯಗಳಿಂದ ಬರುವ ಹ್ಯೂಮಿಕ್ ಪದಾರ್ಥ ಪಿಸಿಆರ್ ತಡೆಯುತ್ತದೆ. ಅದೇ ಡಿಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಓಡಿಸಿದರೆ ತಡೆ ಇದೆಯೇ ಎಂದು ತಿಳಿಯುತ್ತದೆ. ಸ್ಟ್ಯಾಂಡರ್ಡ್ ಕರ್ವ್‌ನ ದಕ್ಷತೆ ಶೇ. 90ರಿಂದ 110ರ ನಡುವೆ ಇಲ್ಲದ ಪ್ಲೇಟನ್ನು ಲೆಕ್ಕಕ್ಕೆ ಹಿಡಿಯಬಾರದು.

ಒಂದು ವರ್ಷದ ಮೂರು ಕಾಲ ಪಿಎಚ್‌ಡಿಗೆ ಸಾಲದು, ಇನ್ನೊಂದು ವರ್ಷ ಬೇಕಾಗುತ್ತದೆ ಎಂದು ಗೈಡ್ ಹೇಳುತ್ತಾರೆ. ಹೇಳಲಿ. ಅಲ್ಲಿಂದಲೇ ಮಾತುಕತೆ ಶುರು.

ಮೇಲ್‌ಗೆ ಎರಡು ವಾರ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ. ಆಮೇಲೂ ಬಾರದಿದ್ದರೆ ಮುಂದಿನವರಿಗೆ ಬರೆಯಿರಿ. ಒಂದೇ ವಿಭಾಗದ ಇಬ್ಬರಿಗೆ ಒಂದೇ ದಿನ ಬರೆಯಬೇಡಿ. ಅವರು ಚಹಾ ಕುಡಿಯುವುದು ಒಂದೇ ಮೇಜಿನಲ್ಲಿ.

ಹೆಜ್ಜೆ 5: ಸಂದರ್ಶನ

ಸಂದರ್ಶನದಲ್ಲಿ ದೊಡ್ಡ ಸಿದ್ಧಾಂತ ಕೇಳಿ ಬೀಳಿಸುವುದು ಕಡಿಮೆ. ನಿಮ್ಮ ಎಂಎಸ್ಸಿ ಪ್ರಾಜೆಕ್ಟಿನಲ್ಲಿ ನೀವೇ ಮಾಡಿದ ಕೆಲಸದಲ್ಲಿ ಬೀಳಿಸುತ್ತಾರೆ. ಬೋರ್ಡಿನ ಮೇಲೆ ಇಂಥದ್ದನ್ನು ಬಿಡಿಸಲು ಹೇಳುತ್ತಾರೆ: ಕೆರೆಯ ಕೆಸರನ್ನು 10⁻⁵ರವರೆಗೆ ಡೈಲ್ಯೂಟ್ ಮಾಡಿ 0.1 ಮಿಲಿಲೀಟರ್ ಹರಡಿದಿರಿ, 84 ಕಾಲೊನಿ ಬಂದವು, ಮಿಲಿಲೀಟರಿಗೆ ಎಷ್ಟು? 84ನ್ನು 0.1 × 10⁻⁵ರಿಂದ ಭಾಗಿಸಬೇಕು: 8.4 × 10⁷. ಆ 0.1 ಮರೆತು 8.4 × 10⁶ ಎನ್ನುವವರೇ ಹೆಚ್ಚು. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ: ಅದೇ ಸ್ಯಾಂಪಲನ್ನು ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ಎಣಿಸಿದರೆ ನೂರು ಪಟ್ಟು ಹೆಚ್ಚು ಕಂಡಿತು, ಯಾಕೆ? ಪರಿಸರದ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ನಮ್ಮ ಮಾಧ್ಯಮದಲ್ಲಿ ಬೆಳೆಯುವುದಿಲ್ಲ, ಕೆಲವು ಸುಪ್ತವಾಗಿರುತ್ತವೆ, ಕೆಲವು ಸತ್ತಿದ್ದರೂ ಬಣ್ಣ ಹಿಡಿಯುತ್ತವೆ, ಗುಂಪಾಗಿ ಅಂಟಿಕೊಂಡ ಹತ್ತು ಕೋಶ ಒಂದೇ ಕಾಲೊನಿಯಾಗುತ್ತದೆ. ನಾಲ್ಕು ಕಾರಣದಲ್ಲಿ ಮೂರು ಹೇಳಿದವರ ಕಡೆ ಮೇಜಿನಾಚೆಯವರು ಕತ್ತೆತ್ತಿ ನೋಡುತ್ತಾರೆ.

ಪರಿಸರ ವಿಜ್ಞಾನದವರಿಗೆ ಬಿಒಡಿ (ನೀರಿನ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಅಳತೆ) ತಪ್ಪಿದ್ದಲ್ಲ. ಪುಸ್ತಕದಲ್ಲಿ 20 ಡಿಗ್ರಿಯಲ್ಲಿ 5 ದಿನ ಎಂದಿರುತ್ತದೆ, ನಮ್ಮ ದೇಶದ ಮಾನಕದಲ್ಲಿ 27 ಡಿಗ್ರಿಯಲ್ಲಿ 3 ದಿನ. ನಮ್ಮ ನೀರಿನ ಉಷ್ಣತೆಗೆ ಅದು ಹತ್ತಿರ, ಬಿಸಿ ಹೆಚ್ಚಾದಷ್ಟು ಕೊಳೆಯುವ ವೇಗವೂ ಹೆಚ್ಚು ಎಂಬ ಕಾರಣ ಗೊತ್ತಿರಬೇಕು. 'ಗೊತ್ತಿಲ್ಲ, ಆದರೆ ಹೀಗೆ ಪರೀಕ್ಷಿಸಿ ತಿಳಿದುಕೊಳ್ಳುತ್ತೇನೆ' ಎನ್ನುವುದು ಒಳ್ಳೆಯ ಉತ್ತರ. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ತಡವರಿಸುತ್ತದೆಂದು ಹೆದರುತ್ತಾರೆ. ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದರೆ ಅರ್ಧ ಭಾರ ಇಳಿಯುತ್ತದೆ.

ಹೆಜ್ಜೆ 6: ಸೇರಿದ ಮೇಲಿನ ಕಾಗದಪತ್ರ

ಸೇರಿದ ದಿನವೇ ಜಾಯಿನಿಂಗ್ ರಿಪೋರ್ಟ್ ಸಹಿ ಮಾಡಿಸಿ. ಫೆಲೋಶಿಪ್ ಎಣಿಕೆಯಾಗುವುದು ಆ ದಿನಾಂಕದಿಂದ. ಯುಜಿಸಿ ಹಣ ಕೆನರಾ ಬ್ಯಾಂಕಿನ ಪೋರ್ಟಲ್ ಮೂಲಕ ಬರುತ್ತದೆ. ವಿಶ್ವವಿದ್ಯಾಲಯದಲ್ಲಿ ಒಬ್ಬರು ಮಾಹಿತಿ ತುಂಬುತ್ತಾರೆ, ಇನ್ನೊಬ್ಬರು ಒಪ್ಪಿಗೆ ಕೊಡುತ್ತಾರೆ, ಪ್ರತಿ ತಿಂಗಳೂ ಇದು ಆಗಬೇಕು. ಆ ಇಬ್ಬರು ಯಾರೆಂದು ಮೊದಲ ವಾರವೇ ತಿಳಿದುಕೊಳ್ಳಿ. ಅವರಲ್ಲಿ ಒಬ್ಬರು ರಜೆ ಹೋದರೆ ನಿಮ್ಮ ಹಣ ನಿಲ್ಲುತ್ತದೆ. ಮೊದಲ ಕಂತು ಬರಲು ತಿಂಗಳುಗಳೇ ಹಿಡಿಯುವುದುಂಟು, ಹಾಗಾಗಿ ಆರು ತಿಂಗಳ ಖರ್ಚಿಗೆ ವ್ಯವಸ್ಥೆ ಇಟ್ಟುಕೊಂಡೇ ಹೊರಡಿ. ಆಧಾರ್, ಬ್ಯಾಂಕ್, ಅಂಕಪಟ್ಟಿ ಮೂರರಲ್ಲೂ ಹೆಸರಿನ ಇನಿಶಿಯಲ್ ಒಂದೇ ಥರ ಇರಲಿ. ನಮ್ಮ ಕಡೆ ಅಪ್ಪನ ಹೆಸರು, ಊರ ಹೆಸರು ಮುಂದೆ ಹಿಂದೆ ಆಗುವುದರಿಂದ ಎಷ್ಟೋ ಕಂತು ತಡೆಹಿಡಿದಿರುತ್ತಾರೆ.

ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಎರಡು ವರ್ಷ ತುಂಬುವ ಎರಡು ತಿಂಗಳ ಮೊದಲೇ ಎಸ್‌ಆರ್‌ಎಫ್ ಮೌಲ್ಯಮಾಪನಕ್ಕೆ ಬರೆದುಕೊಡಿ. ಹೊರಗಿನ ತಜ್ಞರ ದಿನಾಂಕ ಸಿಗುವುದು ತಡವಾದರೆ 42,000ದ ಬದಲು 37,000ದಲ್ಲೇ ಉಳಿಯುತ್ತೀರಿ. ಪಿಎಚ್‌ಡಿಗೆ ಕನಿಷ್ಠ 3, ಗರಿಷ್ಠ 6 ವರ್ಷ. ಫೆಲೋಶಿಪ್ 5 ವರ್ಷಕ್ಕೆ ನಿಲ್ಲುತ್ತದೆ. ಆರನೆಯ ವರ್ಷ ಬರಿಗೈ ಎಂದು ಮೊದಲ ದಿನವೇ ನೆನಪಿರಲಿ.

ಹೆಜ್ಜೆ 7: ಹೊರದೇಶಕ್ಕೆ ಹೋಗುವುದಾದರೆ

ಯುರೋಪಿನ ಹಲವು ದೇಶಗಳಲ್ಲಿ ಪಿಎಚ್‌ಡಿ ಎಂದರೆ ಸಂಬಳದ ನೌಕರಿ. ಸೀಟು ಮತ್ತು ಹಣ ಒಂದೇ ಜಾಹೀರಾತಿನಲ್ಲಿ ಬರುತ್ತದೆ. ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಮೈಕ್ರೋಬಯಾಲಜಿ ಮತ್ತು ಪರಿಸರ ವಿಜ್ಞಾನವನ್ನು ಒಂದೇ ಸೂರಿನಡಿ ತಂದ ಕೇಂದ್ರವಿದೆ, ಅದರದೇ ಡಾಕ್ಟೊರಲ್ ಸ್ಕೂಲ್ ಇದೆ. ಆಸ್ಟ್ರಿಯಾದಲ್ಲಿ ಪಿಎಚ್‌ಡಿ ಒಪ್ಪಂದ ಸಾಮಾನ್ಯವಾಗಿ ವಾರಕ್ಕೆ 30 ಗಂಟೆಯ ಲೆಕ್ಕದ್ದು. ಜರ್ಮನಿಯ ಬ್ರೆಮೆನ್‌ನಲ್ಲಿ ಸಮುದ್ರ ಮೈಕ್ರೋಬಯಾಲಜಿಗೆ, ಮಾರ್ಬುರ್ಗ್‌ನಲ್ಲಿ ನೆಲದ ಸೂಕ್ಷ್ಮಜೀವಿಗಳಿಗೆ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳಿವೆ. ಲೈಪ್‌ಜಿಗ್‌ನ ಯುಎಫ್‌ಝಡ್, ಸ್ವಿಟ್ಜರ್ಲೆಂಡಿನ ಎಯಾವಾಗ್, ನೆದರ್ಲೆಂಡ್ಸ್‌ನ ವಾಗೆನಿಂಗೆನ್‌ನಲ್ಲಿರುವ ಪರಿಸರಶಾಸ್ತ್ರ ಸಂಸ್ಥೆ ನೀರು-ಮಣ್ಣಿನ ಸೂಕ್ಷ್ಮಜೀವಿಗಳಿಗೆ ಹೆಸರಾದವು.

ಯುರೋಪಿಯನ್ ಒಕ್ಕೂಟ ಹಣ ಕೊಡುವ ಮೇರಿ ಕ್ಯೂರಿ ಡಾಕ್ಟೊರಲ್ ನೆಟ್‌ವರ್ಕ್ ಹುದ್ದೆಗಳು ಯುರಾಕ್ಸೆಸ್ ಪೋರ್ಟಲಿನಲ್ಲಿ ಬರುತ್ತವೆ. ಕಳೆದ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು ಎಂಬ ನಿಯಮ ಅವಕ್ಕಿದೆ. ಜರ್ಮನಿಯಲ್ಲೇ ಎಂಎಸ್ಸಿ ಮಾಡಿದವರು ಜರ್ಮನಿಯ ಹುದ್ದೆಗೆ ಅರ್ಜಿ ಹಾಕಿ ಇಲ್ಲಿ ಬೀಳುತ್ತಾರೆ; ಭಾರತದಿಂದ ನೇರ ಹೋಗುವವರಿಗೆ ಈ ನಿಯಮ ಅನುಕೂಲವೇ.

ಶಿಫಾರಸು ಕೊಡುವ ಇಬ್ಬರು ಪ್ರಾಧ್ಯಾಪಕರ ಸಂಸ್ಥೆಯ ಮೇಲ್ ವಿಳಾಸ ಕೊಡಿ. ಜಿಮೇಲ್ ಕೊಟ್ಟರೆ ಅನುಮಾನ ಬರುತ್ತದೆ. ಪತ್ರ ಬರೆಯಲು ಅವರಿಗೆ ಮೂರು ವಾರ ಬಿಡಿ. ಟ್ರಾನ್ಸ್‌ಕ್ರಿಪ್ಟ್‌ಗೆ ವಿಶ್ವವಿದ್ಯಾಲಯದಲ್ಲಿ ವಾರಗಟ್ಟಲೆ ಓಡಾಟವಿರುತ್ತದೆ, ಅರ್ಜಿಗೂ ಮೊದಲೇ ತೆಗೆದಿಟ್ಟುಕೊಳ್ಳಿ. ಪೂರ್ತಿ ಹೋಗಲಾಗದವರು ಇಲ್ಲೇ ನೋಂದಾಯಿಸಿ ಸ್ವಲ್ಪ ಕಾಲ ಹೋಗಿಬರಬಹುದು: ಫುಲ್‌ಬ್ರೈಟ್-ನೆಹರೂ ಡಾಕ್ಟೊರಲ್ ಫೆಲೋಶಿಪ್ 6ರಿಂದ 9 ತಿಂಗಳು ಅಮೆರಿಕಕ್ಕೆ ಕಳಿಸುತ್ತದೆ, ಜರ್ಮನಿಯ ಡಿಎಎಡಿ ಸಂಸ್ಥೆ ಎರಡು ದೇಶದ ಗೈಡ್‌ಗಳಿರುವ ಪಿಎಚ್‌ಡಿಗೆ ನೆರವು ಕೊಡುತ್ತದೆ.

ಹೊರದೇಶದ ಲ್ಯಾಬಿಗೆ ಸೇರಿದ ಮೇಲೆ 'ಪಶ್ಚಿಮ ಘಟ್ಟದ ಮಣ್ಣು ತಂದು ಇಲ್ಲಿ ಸೀಕ್ವೆನ್ಸ್ ಮಾಡೋಣ' ಎಂಬ ಮಾತು ಬಂದೇ ಬರುತ್ತದೆ. ಜೀವವೈವಿಧ್ಯ ಕಾಯ್ದೆ, 2002ರಲ್ಲಿ ಸೂಕ್ಷ್ಮಜೀವಿಗಳೂ ಅವುಗಳ ಆನುವಂಶಿಕ ವಸ್ತುವೂ ಬರುತ್ತವೆ. ವಿದೇಶಿ ಸಂಸ್ಥೆಯ ಪರವಾಗಿ ಅವನ್ನು ಸಂಶೋಧನೆಗೆ ಪಡೆಯಲು ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಮಣ್ಣಿನ ಬದಲು ಡಿಎನ್‌ಎ ಟ್ಯೂಬ್ ಒಯ್ದರೂ ಅಷ್ಟೇ. ಸಂರಕ್ಷಿತ ಕಾಡಿನ ಸ್ಯಾಂಪಲ್ ಆದರೆ ಅರಣ್ಯ ಇಲಾಖೆಯ ಅನುಮತಿ ಪ್ರತ್ಯೇಕ. ಸೂಟ್‌ಕೇಸಿನಲ್ಲಿ ಒಯ್ದ ಸ್ಯಾಂಪಲಿನಿಂದ ಎಷ್ಟೇ ಒಳ್ಳೆಯ ಫಲಿತಾಂಶ ಬಂದರೂ ಅನುಮತಿ ಸಂಖ್ಯೆ ಕೇಳುವ ಜರ್ನಲ್ ಅದನ್ನು ಮುದ್ರಿಸದು. ಅರ್ಜಿಯಿಂದ ಒಪ್ಪಿಗೆಯವರೆಗೆ ತಿಂಗಳುಗಳು ಬೇಕಾಗುವುದರಿಂದ, ಮೊದಲ ವರ್ಷದ ಕೆಲಸವನ್ನು ಅಲ್ಲಿನ ಸ್ಯಾಂಪಲಿನ ಮೇಲೆ ಯೋಜಿಸಿ, ನಮ್ಮ ಕಾಡಿನದನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ.